ಆಯುಧಪೂಜೆಗೆ ಕೂತ ವಿಡಿಯೋ ಗೇಮ್

ನಮ್ಮತ್ತೆ ನನ್ನ ಮದುವೆಯ ಬೀಗರೂಟಕ್ಕೆ ಬರಲಿಲ್ಲ. ಮದುವೆ ಮುಗಿದ ಮೇಲೆ ಹೆಣ್ಣಿನ ಮನೆಯವರು ಗಂಡಿನ ಕಡೆಯವರನ್ನು ಕರೆದು ಬಾಡೂಟ ಹಾಕುವುದು ನಮ್ಮ ಕಡೆ ತಾಳಿ ಕಟ್ಟಿದಷ್ಟೇ ಮುಖ್ಯ. ಬೀಗರು ಎಲೆಯ ಮುಂದೆ ಕೂತು ಉಂಡರೆ ಸಂಬಂಧವನ್ನು ಒಪ್ಪಿದಂತೆ. ಗಂಜಾಮಿನ ನಮ್ಮ ಮನೆಯ ಮುಂದೆ ಶಾಮಿಯಾನ ಹಾಕಿಸಿ, ಅಪ್ಪ ಹೊಸ ಪಂಚೆ ಉಟ್ಟು ರಸ್ತೆಯ ತಿರುವಿನಲ್ಲಿ ಕಾದು ನಿಂತಿದ್ದರು. ಗಂಡನ ಊರು ಚಿನಕುರಳಿಯಿಂದ ವ್ಯಾನು ಬಂತು, ಎಲ್ಲರೂ ಇಳಿದರು, ಅತ್ತೆ ಇಳಿಯಲಿಲ್ಲ. "ಹಸ ಕರು ಹಾಕೋ ಅಂಗದೆ, ಬರಾಕಾಗಕಿಲ್ಲ ಅಂದ್ರು" ಎಂದು ಯಾರೋ ಹೇಳಿದರು. ಆ ಹಸು ಕರು ಹಾಕಿದ್ದು ತಿಂಗಳುಗಳು ಕಳೆದ ಮೇಲೆ. ಅದು ಹೊಟ್ಟೆಯಲ್ಲಿ ಅಷ್ಟು ನಿಧಾನವಾಗಿ ಕರು ಬೆಳೆಸಿದ್ದಕ್ಕೆ ನಾನು ಅದರ ಮೇಲೂ ಸ್ವಲ್ಪ ಸಿಟ್ಟು ಇಟ್ಟುಕೊಂಡಿದ್ದೆ.

ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಅತ್ತೆಯ ತವರು ನಾಗಮಂಗಲದ ಆಚೆ ದೇವಲಾಪುರ. ಅಲ್ಲಿರುವ ತಮ್ಮನ ಮಗಳನ್ನೇ ಸೊಸೆ ಮಾಡಿಕೊಳ್ಳುತ್ತೇನೆಂದು ಅವರು ಎಂದೋ ಮಾತು ಕೊಟ್ಟಿದ್ದರು. ಮಗ ಕೇಳಲಿಲ್ಲ, ನನ್ನನ್ನು ನೋಡಿ ಬಂದು ಇವಳೇ ಸರಿ ಎಂದು ಕೂತುಬಿಟ್ಟರು. ಮಾವ ಅಷ್ಟರಲ್ಲಿ ತೀರಿಕೊಂಡಿದ್ದರು. ಮಗನ ಹಟವನ್ನೂ ತಮ್ಮನ ಮುನಿಸನ್ನೂ ಅತ್ತೆ ಒಬ್ಬರೇ ನುಂಗಬೇಕಾಯಿತು.

ಹಾಗಂತ ಅವರು ನನ್ನನ್ನು ಬೈದವರಲ್ಲ, ಕಾಡಿದವರಲ್ಲ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ನನ್ನ ಬಾಯೇನೂ ಕಡಿಮೆಯದಲ್ಲ, ಕೋಪವೂ ಮೂಗಿನ ತುದಿಯಲ್ಲೇ ಇರುತ್ತದೆ. ಅವರು ಮಾಡುತ್ತಿದ್ದದ್ದು ಇಷ್ಟೇ: ಕೆಲಸದ ಮಾತು ಬಿಟ್ಟು ಬೇರೆ ಮಾತು ಆಡುತ್ತಿರಲಿಲ್ಲ. "ಕಲಗಚ್ಚು ಬಗ್ಗುಸು." "ಹಾಲು ಉಕ್ತದೆ." "ಬಾಗ್ಲು ಹಾಕು." ಹೆಸರಿಲ್ಲ, ಅವ್ವ ಇಲ್ಲ, ಅಮ್ಮಿ ಇಲ್ಲ. ಮದುವೆಯಾಗಿ ವರ್ಷ ಕಳೆಯುತ್ತ ಬಂದರೂ ನನ್ನನ್ನು ಏನೆಂದು ಕರೆಯಬೇಕೆಂದು ಅವರು ಇನ್ನೂ ತೀರ್ಮಾನಿಸಿರಲಿಲ್ಲ. ನನ್ನ ತವರಿನ ಹೊಸಿಲನ್ನಂತೂ ತುಳಿದೇ ಇರಲಿಲ್ಲ. ನಮ್ಮಮ್ಮ ಹಬ್ಬ ಹಬ್ಬಕ್ಕೂ ಹೇಳಿ ಕಳಿಸುತ್ತಿದ್ದರು. ಅತ್ತೆಗೆ ಪ್ರತಿ ಸಲವೂ ಒಂದು ಹಸು ಅಡ್ಡ ಬರುತ್ತಿತ್ತು.

ಇಂಥ ಮನೆಗೆ ವಿಡಿಯೋ ಗೇಮ್ ಬಂದದ್ದು ನನ್ನ ಗೌರಿ ಹಬ್ಬದ ಬಾಗಿನದ ಜೊತೆಗೆ. ತೊಂಬತ್ತರ ದಶಕದ ನಡುವಿನ ಮಾತಿದು. ನನ್ನ ತಮ್ಮ ಆಗ ಎಸ್ಸೆಸ್ಸೆಲ್ಸಿ. ಕಾಡಿ ಬೇಡಿ ಮೈಸೂರಿನಿಂದ ಅಪ್ಪನ ಕೈಲಿ ಒಂದು ಗೇಮ್ ಕೊಡಿಸಿಕೊಂಡಿದ್ದ. ಬೆಳ್ಳಗಿನ ಪ್ಲಾಸ್ಟಿಕ್ ಡಬ್ಬ, ಅದಕ್ಕೆ ವೈರಿನಿಂದ ಜೋಡಿಸಿದ ಎರಡು ರಿಮೋಟು, ಮೇಲೆ ಸಿಕ್ಕಿಸಲು ಒಂದು ಹಳದಿ ಕ್ಯಾಸೆಟ್ಟು. ಅದು ಬಂದಾಗಿನಿಂದ ಹುಡುಗ ಪುಸ್ತಕ ಮುಟ್ಟಿರಲಿಲ್ಲ. ಗೌರಿಗೆಂದು ಹೋದ ನನ್ನನ್ನು ಬೀಳ್ಕೊಡುವಾಗ ಅಮ್ಮ ಮೊರದ ಬಾಗಿನದ ಕೆಳಗೆ ಆ ಡಬ್ಬವನ್ನು ತುರುಕಿ, "ಇದ ನೀನ್ ತಕೊಂಡೋಗವ್ವ. ಇವನ ಅರ್ಧ ವರ್ಷದ ಪರೀಕ್ಷೆ ಮುಗ್ದು ದಸರಾ ಕಳಿಯೋಗಂಟ ಈ ಮನೇಲಿ ಇದು ಇರಕೂಡ್ದು" ಎಂದರು. ತಮ್ಮ ಬಸ್‌ಸ್ಟ್ಯಾಂಡಿನವರೆಗೂ ಬಂದು, ಕಣ್ಣಲ್ಲಿ ನೀರು ತುಂಬಿಕೊಂಡು, ಹುಷಾರು ಅಕ್ಕಾ ಎಂದ. ನನ್ನ ಮದುವೆಯ ದಿನ ಅವನು ಇಷ್ಟು ಅತ್ತಿರಲಿಲ್ಲ.

ಚಿನಕುರಳಿಯ ನಮ್ಮ ಮನೆಯಲ್ಲಿ ಮರದ ಬಾಗಿಲಿದ್ದ ಕಪ್ಪು-ಬಿಳುಪು ಟಿವಿ ಇತ್ತು. ಒಂದು ಮಧ್ಯಾಹ್ನ ಊಟವಾಗಿ, ನಮ್ಮ ಮನೆಯವರು ಗದ್ದೆಯ ಕಡೆ ಹೋಗಿದ್ದರು. ಅತ್ತೆ ಕೊಟ್ಟಿಗೆಯಲ್ಲಿದ್ದರು. ನನಗೆ ಬೇಸರ ತಡೆಯಲಾಗಲಿಲ್ಲ. ಆಂಟೆನಾದ ವೈರು ಕಿತ್ತು, ತಮ್ಮ ತೋರಿಸಿಕೊಟ್ಟಂತೆ ಗೇಮಿನ ವೈರು ಸಿಕ್ಕಿಸಿ, ಟಿವಿಯ ತಿರುಪನ್ನು ತಿರುಗಿಸುತ್ತ ಹೋದೆ. ಮೊದಲು ಬರೀ ಸೊರ್ ಎನ್ನುವ ಚುಕ್ಕಿ ಮಳೆ. ಆಮೇಲೆ ಎಲ್ಲಿಂದಲೋ ಟಿಣಿಟಿಣಿ ಸಂಗೀತ, ಚಿತ್ರ ಮೂಡಿ ನಿಂತಿತು. ಪರದೆಯ ಕೆಳಗಡೆ ಇಟ್ಟಿಗೆಯ ಗೋಡೆ ಕಟ್ಟಿದ ಒಂದು ಪುಟ್ಟ ಮನೆ. ಮೇಲಿನಿಂದ ಶತ್ರುಗಳ ಟ್ಯಾಂಕುಗಳು ಇಳಿದು ಬಂದು ಆ ಮನೆಯನ್ನು ಹೊಡೆಯುತ್ತವೆ. ನಮ್ಮ ಟ್ಯಾಂಕು ಓಡಾಡಿಕೊಂಡು ಅವನ್ನು ಹೊಡೆದುರುಳಿಸಬೇಕು.

ಟಿವಿ ಎಂದರೆ ಅಲ್ಲಿಯವರೆಗೆ ಅದು ಹೇಳುವುದು, ನಾವು ಕೇಳುವುದು. ನಾನು ಬೆರಳೊತ್ತಿದ ಕಡೆಗೆ ಪರದೆಯೊಳಗಿನದು ಹೊರಳುವುದನ್ನು ಮೊದಲ ಸಲ ಗಂಜಾಮಿನಲ್ಲಿ ಕಂಡಾಗ ಮೈ ಜುಂ ಎಂದಿತ್ತು. ಒಬ್ಬಳೇ ಕೂತು ಮತ್ತೆ ಆಡುವಾಗಲೂ ಹಾಗೇ ಆಯಿತು. ಎಷ್ಟು ಹೊತ್ತು ಆಡಿದೆನೋ, ಹಿಂದೆ ಹೆಜ್ಜೆ ಸದ್ದಾಯಿತು. ಅತ್ತೆ ಹುಲ್ಲಿನ ತೆಕ್ಕೆಯನ್ನು ಹಾಗೇ ತಬ್ಬಿಕೊಂಡು ಹೊಸಿಲ ಮೇಲೆ ನಿಂತಿದ್ದರು.

"ಅದ ಒಳಗೆ ಕುಂತು ಯಾರು ಆಡುಸ್ತಾವ್ರೆ?" ಎಂದು ಕೇಳಿದರು.

"ನಾನೇ ಅತ್ತೆ" ಎಂದೆ.

ನನ್ನ ಕೈ ನೋಡಿದರು, ಟಿವಿ ನೋಡಿದರು, ಮತ್ತೆ ಕೈ ನೋಡಿದರು. ಕೆಲಸದ್ದಲ್ಲದ ಪ್ರಶ್ನೆಯೊಂದನ್ನು ಅವರು ನನ್ನನ್ನು ಕೇಳಿದ್ದು ಅದೇ ಮೊದಲು. ನಾನು ಎರಡನೆಯ ರಿಮೋಟನ್ನು ಅವರತ್ತ ಚಾಚಿದೆ. ಹುಲ್ಲು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತರು. ಗುಂಡಿ ಒತ್ತಿದರು. ಅವರ ಟ್ಯಾಂಕು ಗುರ್ ಎಂದು ಬಲಕ್ಕೆ ಹೋಯಿತು. ಅವರು ರಿಮೋಟನ್ನು ಕೈಬಿಟ್ಟು ಎದೆ ಮೇಲೆ ಕೈ ಇಟ್ಟುಕೊಂಡರು.

"ನಾ ಹೇಳ್ದಂಗೆ ಕೇಳ್ತದಲ್ಲ ಇದು" ಎಂದರು. ಆಮೇಲೆ, ತಮಗೇ ಹೇಳಿಕೊಳ್ಳುವಂತೆ, "ಹೆತ್ತ ಮಗನೇ ಕೇಳ್ನಿಲ್ಲ" ಎಂದು ಸೇರಿಸಿದರು.

ನನಗೆ ನಗು ತಡೆಯಲಾಗಲಿಲ್ಲ. ತಪ್ಪಾಯಿತೇನೋ ಎಂದು ತುಟಿ ಕಚ್ಚಿಕೊಂಡೆ. ಆದರೆ ಅವರೂ ನಗುತ್ತಿದ್ದರು. ಅವತ್ತು ನನಗಾದ ಹಗುರ ಇವತ್ತಿಗೂ ನೆನಪಿದೆ.

ಅಂದಿನಿಂದ ಮಧ್ಯಾಹ್ನದ ಊಟಕ್ಕೂ ಸಂಜೆ ಹಾಲು ಕರೆಯುವುದಕ್ಕೂ ನಡುವಿನ ಹೊತ್ತು ನಮ್ಮಿಬ್ಬರದಾಯಿತು. ಟ್ಯಾಂಕು ಎಂಬ ಮಾತು ಅತ್ತೆಗೆ ರುಚಿಸಲಿಲ್ಲ, ಅವರ ಪಾಲಿಗೆ ಅವೆಲ್ಲ ಟ್ರಾಕ್ಟರುಗಳೇ. ಹೇಳದೆ ಕೇಳದೆ ನಮ್ಮ ಹೊಲಕ್ಕೆ ನುಗ್ಗುವ ಪರವೂರಿನ ಟ್ರಾಕ್ಟರುಗಳು. ಅವು ಎಡಕ್ಕೆ ಬಂದರೆ ಇವರು ಇಡೀ ಮೈಯನ್ನು ಎಡಕ್ಕೆ ವಾಲಿಸುತ್ತಿದ್ದರು. ಗೋಡೆಯ ಸಂದಿಯಲ್ಲಿ ತೂರುವಾಗ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದರು. ನಾನು ಸ್ವಲ್ಪ ಹೊತ್ತಿಗೇ ಹೆಬ್ಬೆರಳು ನೋಯುತ್ತದೆಂದು ಕೈ ಕೊಡವುತ್ತಿದ್ದೆ. ದಿನಾ ಎರಡು ಹೊತ್ತು ಹಸುಗಳ ಹಾಲು ಹಿಂಡಿದ ಅವರ ಹೆಬ್ಬೆರಳಿಗೆ ದಣಿವೆಂಬುದೇ ಇರಲಿಲ್ಲ. ಬೇಗನೆ ನಮ್ಮೊಳಗೆ ಒಂದು ಒಪ್ಪಂದವೂ ಆಯಿತು. ಅವರು ಕೆಳಗಿನ ಮನೆಯ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. "ನೀ ಮುಂದಕ್ಕೋಗು, ಮನೆ ತಾವು ನಾನಿರ್ತೀನಿ" ಎಂದು ನನ್ನನ್ನು ಅಟ್ಟುತ್ತಿದ್ದರು.

ಕರೆಂಟಿನದೇ ಒಂದು ಕಾಟ. ತ್ರೀಫೇಸ್ ಇಲ್ಲದ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿಕೊಂಡು ಪಂಪ್‌ಸೆಟ್ ಓಡಿಸುವ ಚಾಳಿ ಊರಿನವರಿಗಿತ್ತು. ಯಾರಾದರೂ ಹಾಗೆ ಮೋಟರು ಹಾಕಿದರೆ ಬಲ್ಬು ಮಂಕಾಗಿ, ಟಿವಿಯ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ, ಆಟ ನಿಂತುಹೋಗಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಆಗ ಅತ್ತೆ ಜಗಲಿಗೆ ಹೋಗಿ ನಿಂತು, "ಯಾವನ್ಲಾ ಅವ್ನು ಕಂಡೆನ್ಸರ್ ಹಾಕ್ದೋನು? ಊರ್ಗೆಲ್ಲ ಇರೋ ಕರೆಂಟ ನೀನೊಬ್ನೇ ಕುಡ್ಕೊಂಡ್ಯಾ?" ಎಂದು ಕೂಗುತ್ತಿದ್ದರು. ನಮ್ಮ ಮೋಟರಿಗೂ ಒಂದು ಕಂಡೆನ್ಸರ್ ಇತ್ತು. ಅದನ್ನು ಹಾಕುವುದನ್ನು ನಮ್ಮ ಮನೆಯವರು ಆ ದಿನಗಳಲ್ಲಿ ನಿಲ್ಲಿಸಿದ್ದರು.

ಆಟ ಮುಗಿದ ಮೇಲೂ ಮಾತು ಸ್ವಲ್ಪ ಸ್ವಲ್ಪ ಉಳಿಯತೊಡಗಿತು. ಸೊಪ್ಪು ಬಿಡಿಸುವಾಗ, ರಾಗಿ ಕೇರುವಾಗ ತಮ್ಮ ತವರಿನ ಮಾತು ತೆಗೆಯುತ್ತಿದ್ದರು. ಅವರ ತಮ್ಮನ ಮಗಳಿಗೆ ಬೇರೆ ಕಡೆ ಗಂಡು ಗೊತ್ತಾಗಿತ್ತು. "ಒಳ್ಳೇದಾಯ್ತು ಬುಡು" ಎಂದರು. ಆದರೆ ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಗಂಜಾಂ ಎಂಬ ಊರಿನ ಹೆಸರು ಅವರ ಬಾಯಿಂದ ಬರಲಿಲ್ಲ. ನಾನೂ ಎತ್ತಲಿಲ್ಲ. ಸಿಕ್ಕಿರುವುದನ್ನು ಕೆದಕಿ ಕೆಡಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ದಸರಾ ಬಂತು. ಆಯುಧಪೂಜೆಯ ದಿನ ನಾನು ಒಲೆಯ ಮುಂದೆ ಒಬ್ಬಟ್ಟು ತಟ್ಟುತ್ತಿದ್ದೆ. ನಡುಮನೆಯಲ್ಲಿ ಅತ್ತೆ ಪೂಜೆಗೆ ಜೋಡಿಸುತ್ತಿದ್ದರು. ನೇಗಿಲು, ಗುದ್ದಲಿ, ಕುಡುಗೋಲು, ಮಚ್ಚು, ಈಳಿಗೆಮಣೆ, ಹಾಲಿನ ಕ್ಯಾನು, ಅಂಗಳದಲ್ಲಿ ಮೊಪೆಡ್ಡು. ಬೂದುಗುಂಬಳ ಒಡೆದು ಮಂಗಳಾರತಿ ಮಾಡಿದಾಗ ನಾನು ಹೊರಗೆ ಬಂದು ನೋಡಿದೆ. ಎಲ್ಲಕ್ಕಿಂತ ಮುಂದೆ, ನೇಗಿಲಿಗೂ ಮುಂದೆ, ಮಣೆಯ ಮೇಲೆ ತಮ್ಮನ ಗೇಮು ಕೂತಿತ್ತು. ಡಬ್ಬಕ್ಕೆ ವಿಭೂತಿ, ರಿಮೋಟುಗಳಿಗೆ ಕುಂಕುಮ, ಕ್ಯಾಸೆಟ್ಟಿನ ಮೇಲೆ ಒಂದು ಇಡೀ ಸೇವಂತಿಗೆ. ಮೊಪೆಡ್ಡಿಗೆ ಬರೀ ಚೆಂಡುಹೂ ಸಿಕ್ಕಿತ್ತು. ನನ್ನ ತವರಿನಿಂದ ಬಂದ ಸಾಮಾನಿಗೆ ಆ ಮನೆಯಲ್ಲಿ ಮೊದಲ ಮಣೆ ಹಾಕಿದ್ದರು. ಮತ್ತೆ ಒಲೆಯ ಮುಂದಕ್ಕೆ ಬಂದು ಕೂತು ಮುಂದಿನ ಒಬ್ಬಟ್ಟನ್ನು ಅತ್ತೆಗೆಂದು ದೊಡ್ಡದಾಗಿ ತಟ್ಟಿದೆ.

ಪೂಜೆಗೆ ಇಟ್ಟದ್ದನ್ನು ಅವತ್ತು ಮುಟ್ಟುವಂತಿಲ್ಲ. ಮಾರನೆಯ ದಿನ ವಿಜಯದಶಮಿ, ಆಯುಧಗಳನ್ನು ಎತ್ತಿಕೊಂಡು ಸುಮ್ಮನೆ ಶಾಸ್ತ್ರಕ್ಕಾದರೂ ಒಂದು ಕೆಲಸ ಮಾಡಬೇಕು. ನಮ್ಮ ಮನೆಯವರು ಗುದ್ದಲಿ ಹಿಡಿದು ಹೋದರು. ಅತ್ತೆ ಗೇಮ್ ಎತ್ತಿಕೊಂಡು ಬಂದು, "ತಕೋ, ಹಾಕು" ಎಂದರು. ಅತ್ತೆಯ ಜೊತೆ ಡೇರಿಗೆ ಹಾಲು ಹಾಕಲು ಹೋಗುವ ಪಕ್ಕದ ಮನೆಯ ದೊಡ್ಡಮ್ಮನೂ ಆಟ ನೋಡಲು ಬಂದು ಕೂತಿದ್ದರು. ನಾನು ವೈರು ಸಿಕ್ಕಿಸಿ, ಕ್ಯಾಸೆಟ್ಟು ಒತ್ತಿ, ಸ್ವಿಚ್ಚು ಹಾಕಿದೆ. ಚಿತ್ರ ಬರಲಿಲ್ಲ. ಪರದೆಯ ತುಂಬ ಅಡ್ಡಾದಿಡ್ಡಿ ಗೆರೆ. ತೆಗೆದು ಹಾಕಿದೆ, ಊದಿ ಹಾಕಿದೆ. ಅದೇ ಗೆರೆ.

ಕ್ಯಾಸೆಟ್ಟನ್ನು ತಿರುಗಿಸಿ ನೋಡಿದಾಗ ಗೊತ್ತಾಯಿತು. ಅದರ ಬುಡದಲ್ಲಿ ಹಿತ್ತಾಳೆ ಬಣ್ಣದ ಪಟ್ಟಿಗಳ ಸಾಲಿರುತ್ತದೆ. ಆ ಸಾಲೇ ಡಬ್ಬದೊಳಕ್ಕೆ ಕಚ್ಚಿಕೊಳ್ಳಬೇಕು. ಪಟ್ಟಿಗಳ ನಡುವೆ ಕಂದು ಬಣ್ಣದ ಅಂಟು ಒಣಗಿತ್ತು, ಅದರ ಮೇಲೆ ಅರಿಶಿನ, ಅದರ ಮೇಲೆ ಕುಂಕುಮ.

"ಹಿತ್ತಾಳೆ ಮಾಸೋಗಿತ್ತು" ಎಂದರು ಅತ್ತೆ. "ದೀಪಗಳ ಜತೇಲಿ ಅದ್ನೂ ಹುಣಸೆಹಣ್ಣಾಕಿ ಉಜ್ದೆ. ಪೂಜೆಗೆ ಕೂರ್ಸೋದು, ಮಾಸಲಾಗಿದ್ರೆ ಚೆಂದ್ವಾ?"

ತೀರ್ಥವನ್ನೂ ಚಿಮುಕಿಸಿದ್ದರು, ಕ್ಯಾಸೆಟ್ಟು ಸಿಕ್ಕಿಸುವ ಸೀಳಿನೊಳಕ್ಕೂ. ನಾನು ಏನು ಹೇಳಲಿ ಎಂದು ಯೋಚಿಸುವಷ್ಟರಲ್ಲಿ ದೊಡ್ಡಮ್ಮ ಬಾಯಿ ಬಿಟ್ಟರು. "ಸೊಸೆ ತವರಿನ ಸಾಮಾನಲ್ವಾ, ಅತ್ತೆ ಕೈಗೆ ಸಿಕ್ಕಿ ಉಳ್ಕೊಂಡದಾ?" ಎಂದು ನಕ್ಕರು.

ಅವರಿಗದು ತಮಾಷೆ. ಅತ್ತೆ ರಿಮೋಟನ್ನು ನೆಲಕ್ಕಿಟ್ಟು ಎದ್ದು ಕೊಟ್ಟಿಗೆಗೆ ಹೋದವರು ಊಟಕ್ಕೂ ಬರಲಿಲ್ಲ. ತಟ್ಟೆಯಲ್ಲಿ ಒಬ್ಬಟ್ಟು ಹಾಗೇ ಉಳಿಯಿತು. ಕರೆಯಲು ಹೋದರೆ ಹಸುವಿನ ಮೈ ತಿಕ್ಕುತ್ತ, ನನ್ನ ಕಡೆ ತಿರುಗದೆ, "ನೀವ್ ಉಣ್ಣಿ" ಎಂದರು. ನೀನು ಎನ್ನುತ್ತಿದ್ದವರು ನೀವು ಎಂದರು.  ತಮ್ಮನ ಗೇಮು ಹೋದರೆ ಹೋಗಲಿ, ಬೈಸಿಕೊಂಡರಾಯಿತು. ಆದರೆ ಈ ಹೆಂಗಸು ಮತ್ತೆ ಆ ಹಳೆಯ ಮೌನಕ್ಕೆ ಹೋಗಿ ಬಾಗಿಲು ಹಾಕಿಕೊಂಡರೆ ಇನ್ನೊಮ್ಮೆ ತೆರೆಸಲು ನನ್ನ ಬಳಿ ಏನಿದೆ ಎಂದು ದಿಗಿಲಾಯಿತು. ದೊಡ್ಡಮ್ಮನ ಮೇಲೆ ಬಂದ ಕೋಪಕ್ಕೆ ಒಂದು ಹಂಡೆ ನೀರು ಕಾಯಿಸಬಹುದಿತ್ತು.

ಸಮಾಧಾನದ ಮಾತು ಹೇಳಲು ನನಗೆ ಬರುವುದಿಲ್ಲ. ಹೇಳಿದ್ದರೂ ಅತ್ತೆ ನಂಬುತ್ತಿರಲಿಲ್ಲ. ಚಿತ್ರ ಬಾರದಿದ್ದರೆ ಪೆನ್ಸಿಲ್ ರಬ್ಬರಿನಿಂದ ಪಟ್ಟಿ ಉಜ್ಜು ಎಂದು ತಮ್ಮ ಒಮ್ಮೆ ಹೇಳಿದ್ದ. ಕ್ಯಾಸೆಟ್ಟಿನ ಪಟ್ಟಿಯನ್ನು ಹೇಗೋ ಉಜ್ಜಬಹುದು, ಡಬ್ಬದ ಆ ಕಿರಿದಾದ ಸೀಳಿಗೆ ಏನು ಮಾಡುವುದು? ಪೂಜೆಯ ತಟ್ಟೆಯಲ್ಲಿ ಉಳಿದಿದ್ದ ಹತ್ತಿಯ ಬತ್ತಿ ಕಣ್ಣಿಗೆ ಬಿತ್ತು. ನೇರವಾಗಿ ಕೊಟ್ಟಿಗೆಗೆ ಹೋದೆ.

"ಅತ್ತೆ, ತೆಂಗಿನ ಕಡ್ಡಿಗೆ ಹತ್ತಿ ಸುತ್ತಿ ಬತ್ತಿ ಮಾಡಿಕೊಡಿ. ಸಣ್ಣಗೆ, ಗಟ್ಟಿಯಾಗಿ. ನಾನು ಹೊಸೆದರೆ ಬಿಚ್ಚಿಕೊಳ್ಳುತ್ತೆ."

"ಏನ್ಕೆ?"

"ನಮ್ಮ ಮನೆ ತೊಳೀಬೇಕು" ಎಂದೆ. ನಾನು ಹೇಳಿದ್ದು ಪರದೆಯೊಳಗಿನ ಮನೆಯನ್ನು. ಅವರಿಗೆ ಅರ್ಥವಾಯಿತು.  ಕೈ ತೊಳೆದುಕೊಂಡು ಬಂದರು.

ಜಗಲಿಯ ಮೇಲೆ ಕೂತು ಅವರು ಪೊರಕೆಯ ಕಡ್ಡಿಗೆ ಹತ್ತಿ ಹೊಸೆದುಕೊಟ್ಟರು. ನಾನು ಒಂದೊಂದನ್ನೇ ಒದ್ದೆ ಮಾಡಿ ಸೀಳಿನೊಳಗೆ ಆಡಿಸಿದೆ. ಮೊದಲು ಕೆಂಪಗೆ ಬಂತು, ಆಮೇಲೆ ಹಳದಿ, ಕೊನೆಗೆ ಬತ್ತಿ ಬಿಳಿಯಾಗಿಯೇ ಹೊರಬಂತು. ಬೀದಿಯ ಯಾವುದೋ ಮಗುವಿನ ಸ್ಕೂಲ್ ಬ್ಯಾಗಿನಿಂದ ರಬ್ಬರು ತರಿಸಿ ಕ್ಯಾಸೆಟ್ಟಿನ ಪಟ್ಟಿಗಳನ್ನು ಉಜ್ಜಿದೆ.  ಮಾರನೆಯ ದಿನವೆಲ್ಲ ಡಬ್ಬವನ್ನು ಸಂಡಿಗೆ ಒಣಗಿಸುವ ಮೊರದಲ್ಲಿಟ್ಟು ಬಿಸಿಲಿಗೆ ಬಿಟ್ಟೆವು. ಕೋಳಿ ಹತ್ತಿರ ಬಾರದಂತೆ ಅತ್ತೆ ಕೋಲು ಹಿಡಿದು ಕಾದರು.

ಸಂಜೆ ಹಾಲು ಹಾಕಿ ಬಂದ ಮೇಲೆ ಸ್ವಿಚ್ಚು ಹಾಕಿದೆ. ಪರದೆ ಕಪ್ಪಗೇ ಇತ್ತು. ಬಲ್ಬು ಕೆಂಪು ದಾರದಂತೆ ಉರಿಯುತ್ತಿತ್ತು, ಯಾರೋ ಮೋಟರು ಓಡಿಸುತ್ತಿದ್ದರು. ಇಷ್ಟು ದಿನ ಊರಿಗೆ ಕೇಳುವಂತೆ ಕೂಗುತ್ತಿದ್ದ ಅತ್ತೆ ಅವತ್ತು ತುಟಿ ಬಿಚ್ಚಲಿಲ್ಲ. ಕೈಮುಗಿದುಕೊಂಡು ಟಿವಿಯನ್ನೇ ನೋಡುತ್ತಿದ್ದರು. ಬಲ್ಬು ಮೆಲ್ಲಗೆ ಬೆಳ್ಳಗಾಯಿತು. ನಾನು ಸ್ವಿಚ್ಚು ಆರಿಸಿ ಮತ್ತೆ ಹಾಕಿದೆ. ಟಿಣಿಟಿಣಿ ಎಂದಿತು. ಇಟ್ಟಿಗೆಯ ಗೋಡೆ ಬಂತು, ಅದರೊಳಗೆ ಪುಟ್ಟ ಮನೆ ಇದ್ದಲ್ಲೇ ಇತ್ತು.

ಅತ್ತೆ ಕಾಲು ನೀಡಿಕೊಂಡು ಗೋಡೆಗೆ ಒರಗಿ ಕೂತುಬಿಟ್ಟರು. "ಉಸ್ರು ಬಂತು ಕಣವ್ವ" ಎಂದರು. ಸೆರಗಿನಿಂದ ಮುಖ ಒರೆಸಿಕೊಂಡರು. "ಕೆಟ್ಟೋದ್ರೆ ಕೆಡ್ಲಿ, ಇನ್ನೊಂದ ತರ್ಬೋದು. ನಿನ್ ತವರಿಂದು ಅಂತ ಬೇಕೂಂತ ಮಾಡ್ಬುಟ್ಲು ಅಂತ ನೀನು ಅನ್ಕಂಡ್ಬುಟ್ರೆ ನಾನೇನ್ ಮಾಡ್ಲಿ ಅಂತ ಎರಡ್ ದಿನದಿಂದ ಕೂಳು ಇಳೀನಿಲ್ಲ ನಂಗೆ."

"ನಾನು ಹಾಗೆ ಅಂದುಕೊಳ್ಳಲಿಲ್ಲ ಅತ್ತೆ. ನೇಗಿಲಿಗಿಂತ ಮುಂದೆ ಇಟ್ಟಿದ್ದಿರಿ" ಎಂದೆ.

"ನೋಡಿದ್ಯಾ ನೀನು?"

"ನೋಡಿದ್ದೆ."

ಅವರು ರಿಮೋಟು ಎತ್ತಿಕೊಂಡರು. ನಮ್ಮ ಮನೆಯವರು ಬಂದು ಊಟ ಕೇಳಿದರೆ ಇಬ್ಬರೂ ತಿರುಗಿ ನೋಡಲಿಲ್ಲ.

ಗೇಮ್ ವಾಪಸು ತೆಗೆದುಕೊಂಡು ಹೋಗಲು ತಮ್ಮನೇ ಬರುತ್ತೇನೆಂದಿದ್ದ. ಭಾನುವಾರ ಬೆಳಿಗ್ಗೆ ನೋಡಿದರೆ ಅತ್ತೆ ತಲೆ ಬಾಚಿ, ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟು ನಿಂತಿದ್ದರು. ಡಬ್ಬವನ್ನು ಹೊಸ ರವಿಕೆ ಕಣದಲ್ಲಿ ಗಂಟು ಕಟ್ಟಿದ್ದರು. "ಕುಂಕ್ಮ ತುಂಬ್ದೋಳು ನಾನು. ನಾನೇ ಹೇಳಿ ಕೊಟ್ಬತ್ತೀನಿ, ನಡಿ" ಎಂದರು. ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿ ಶ್ರೀರಂಗಪಟ್ಟಣಕ್ಕೆ ಬಂದೆವು. ದಾರಿಯುದ್ದಕ್ಕೂ ಗಂಟು ಅವರ ಮಡಿಲಲ್ಲೇ ಇತ್ತು. ಅಲ್ಲಿಂದ ಆಟೋದಲ್ಲಿ ಗಂಜಾಂ. ಆಟೋ ಇಳಿದು ಅವರು ಸ್ವಲ್ಪ ಹೊತ್ತು ನಮ್ಮ ಮನೆಯನ್ನು ನೋಡುತ್ತ ನಿಂತರು.  ಅವರು ಚಪ್ಪಲಿ ಬಿಟ್ಟು ಒಳಗೆ ಹೋದರು.

ಹೇಳದೆ ಕೇಳದೆ ಬಂದ ಬೀಗಿತ್ತಿಯನ್ನು ನೋಡಿ ಅಮ್ಮನ ಕೈಯಲ್ಲಿದ್ದ ಸೌಟು ಕೈಯಲ್ಲೇ ಉಳಿಯಿತು. ಅತ್ತೆ ಅಮ್ಮನಿಗೆ ಕೈಮುಗಿದು, ಸೀದಾ ತಮ್ಮನ ಹತ್ತಿರ ಹೋಗಿ ಹುಣಸೆಹಣ್ಣಿನಿಂದ ಹಿಡಿದು ಎಲ್ಲವನ್ನೂ ಹೇಳಿದರು. ಅವನು ಡಾಕ್ಟರ ಮುಖ ಮಾಡಿಕೊಂಡು ಡಬ್ಬವನ್ನು ತಿರುಗಿಸಿ ನೋಡಿದ. ಟಿವಿಗೆ ಸಿಕ್ಕಿಸಿದ. ನಮ್ಮ ತವರಿನದು ಕಲರ್ ಟಿವಿ. ಚಿತ್ರ ಬಂದದ್ದೇ ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡರು.

"ಬಣ್ಣ ಅದ್ಯಾ ಇದ್ಕೆ?" ಎಂದರು. ಇಷ್ಟು ದಿನ ಬೂದು ಬಣ್ಣದಲ್ಲಿ ಆಡಿದ್ದರಲ್ಲ. "ನಂದ್ಯಾವ್ದು ಮಗ?"

"ಹಸಿರುದು ನಿಮ್ದು. ಹಳದಿ ಅಕ್ಕಂದು" ಎಂದ ತಮ್ಮ.

"ಗೋಡೆ ಕೆಂಪು ಇಟ್ಟಿಗೇದು. ನೋಡ್ದೇನವ್ವ" ಎಂದು ನನ್ನ ತೋಳು ಹಿಡಿದರು. ನಾನು ನೋಡುತ್ತಿದ್ದದ್ದು ಅವರನ್ನು.

ಅಷ್ಟರಲ್ಲಿ ಅಪ್ಪ ಚೀಲ ಹಿಡಿದು ಹೊರಟಿದ್ದರು. ಮನೆಯಲ್ಲಿ ಅವತ್ತು ಬಸ್ಸಾರು, ಮುದ್ದೆ ಬಿಟ್ಟರೆ ಏನೂ ಇರಲಿಲ್ಲ. ನಾಟಿ ಕೋಳಿಯಾದರೂ ತರುತ್ತೇನೆ, ಒಂದು ಗಳಿಗೆ ಕೂರಬೇಕು ಎಂದು ಅತ್ತೆಯನ್ನು ಬೇಡಿಕೊಂಡರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕಣ್ಣು ತುಂಬಿಕೊಂಡು ನಿಂತಿದ್ದರು, ಇಷ್ಟು ದಿನ ಕರೆದು ಕರೆದು ಬಂದವರಿಗೆ ಬಸ್ಸಾರು ಹೇಗೆ ಬಡಿಸುವುದೆಂದು.

"ಕೋಳಿ ಬ್ಯಾಡಿ ಅಣ್ಣ, ಸಂಜೆ ಹಾಲು ಕರೀಬೇಕು, ಹೊತ್ತಾಗ್ತದೆ" ಎಂದು ಅತ್ತೆ ಸೆರಗು ಸಿಕ್ಕಿಸಿಕೊಂಡು ನಡುಮನೆಯಲ್ಲಿ ಚಕ್ಕಂಬಕ್ಕಲ ಹಾಕಿ ಕೂತರು. ಅಮ್ಮನ ಕಡೆ ತಿರುಗಿ, "ಬೀಗರೂಟ ಉಣ್ಣೋದು ಬಾಕಿ ಇತ್ತಲ್ಲ, ಏನಿದ್ದದೋ ಅದ ಇಕ್ಕಿ ಅಕ್ಕ" ಎಂದರು.

ಅಮ್ಮ ಎಲೆ ಹಾಕಿದರು. ಅತ್ತೆ ಬಸ್ಸಾರಿನಲ್ಲಿ ಮುದ್ದೆ ಅದ್ದಿ ನುಂಗಿದರು. ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡರು.